ಬ್ರಾಡ್ಲಿ ಮನೆತನ

"ನಿಮ್ಮದೂ ಬ್ರಾಡ್ಲಿನೇ?" ಚಂದಮ್ಮ ಬಾಯಿಗೆ ಹಾಕಬೇಕೆಂದಿದ್ದ ಅಡಿಕೆಯನ್ನು ಕೈಯಲ್ಲೇ ಹಿಡಿದಳು. "ಹಂಗಾದ್ರ ಹುಡುಗ, ಹುಡುಗಿ ಅಣ್ಣ-ತಂಗಿ ಆದ್ರಲ್ಲೋ ಯಪ್ಪಾ!"

ಮೊಮ್ಮಗ ಶರಣಕುಮಾರನಿಗೆ ಹೆಣ್ಣು ನೋಡಲು ಅವನ ಜೊತೆ ಹುಮನಾಬಾದಿನಿಂದ ಬಂದ ಮುದುಕಿ ಆಕೆ. ಬಸವಕಲ್ಯಾಣದ ಆ ಎರಡು ಕೋಣೆಯ ಮನೆ ಹುಡುಗಿ ಸ್ನೇಹಲ್‌ಳದು. ಅಡ್ಡಹೆಸರು ಒಂದಾದರೆ ರಕ್ತವೂ ಒಂದೇ, ಅಲ್ಲಿ ಸಂಬಂಧ ಕೂಡದು. ಎರಡೂ ಕಡೆಯ ಹಿರಿಯರು ಚರ್ಚಿಗೆ ಹೋಗತೊಡಗಿ ನೂರು ವರ್ಷವಾದರೂ ಈ ಕಟ್ಟನ್ನು ಯಾರೂ ಮುರಿದಿರಲಿಲ್ಲ.

ಹುಡುಗ, ಹುಡುಗಿ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಒಬ್ಬರನ್ನೊಬ್ಬರು ಒಪ್ಪಿಕೊಂಡು ಎರಡು ವರ್ಷವಾಗಿತ್ತು. "ಲಗ್ನ ಆದ ಮ್ಯಾಲ ಆಧಾರ್ ಕಾರ್ಡಿನಾಗ ಹೆಸರ ಬದಲಿ ಮಾಡೋ ತ್ರಾಸೇ ಇಲ್ಲ ನೋಡವ್ವ" ಎಂದು ಸ್ನೇಹಲ್ ನಕ್ಕಿದ್ದಳು. ತಾಯಿ ಮಾಣಿಕಮ್ಮನೂ ನಕ್ಕಿದ್ದಳು. ಇಂಗ್ಲಿಷ್ ಹೆಸರಿಗೆ ಎಂಥ ಕುಲ ಎಂದುಕೊಂಡಿದ್ದಳು.

ಮಾಣಿಕಮ್ಮನ ಗಂಡ ದೇವಿಂದ್ರಪ್ಪ ಗಂಟಲು ಸರಿಪಡಿಸಿಕೊಂಡ. ಈ ಕಥೆ ಹೇಳುವುದೆಂದರೆ ಅವನಿಗೆ ಹಬ್ಬ. "ಮಿಶನ್ ಸಾಲಿ ಬ್ರಾಡ್ಲಿ ದೊರಿ ನಮ್ಮ ಮುತ್ಯಾನ್ನ ಸ್ವಂತ ಮಗನ್ಹಂಗ ಸಾಕಿದ್ರಿ. ಪ್ರೀತಿಲೇ ತಮ್ಮ ಹೆಸರ ಕೊಟ್ರು."

"ನಮ್ಮ ಮಾವಗೂ ಹಂಗೇ ಕೊಟ್ಟಾರಂತ. ಒಬ್ಬ ಅಪ್ಪನ ಮಕ್ಕಳೇ ಆತಲ್ಲ." ಚಂದಮ್ಮ ಏಳಲೆಂದು ಮೊಮ್ಮಗನ ಹೆಗಲು ಹಿಡಿದಳು.

ಒಳಬಾಗಿಲ ಪರದೆಯ ಕೆಳಗೆ ಸ್ನೇಹಲ್‌ಳ ಪಾದಗಳು ಕಾಣುತ್ತಿದ್ದವು. ಹೆಬ್ಬೆರಳು ನೆಲವನ್ನು ಒತ್ತಿ ಬಿಳಿಚಿತ್ತು.

ಅತ್ತೆ ಸಾಯುವ ವರ್ಷ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಹೇಳಿದ್ದು ಮಾಣಿಕಮ್ಮನಿಗೆ ಚೆನ್ನಾಗಿ ನೆನಪಿತ್ತು. ದೊರೆಯ ಬೋರ್ಡಿಂಗ್ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆಯುವಾಗ, ಊರವರು ಕರೆಯುತ್ತಿದ್ದ ಮನೆತನದ ಹೆಸರು ಹೇಳಲು ನಾಚಿ ಕೆಲವು ಹುಡುಗರು ತಲೆ ತಗ್ಗಿಸಿ ನಿಂತರಂತೆ. ಹಾಗೆ ನಿಂತ ಅಷ್ಟೂ ಹುಡುಗರ ಹೆಸರಿನ ಮುಂದೆ ದೊರೆ ತನ್ನ ಹೆಸರನ್ನೇ ಬರೆದನಂತೆ. "ಇದು ನಿನ್ನ ಗಂಡಗೂ ಗೊತ್ತಿಲ್ಲ. ಹೊರಗ ಬೀಳಬಾರದು" ಎಂದು ಅತ್ತೆ ಕೈ ಮೇಲೆ ಕೈ ಹಾಕಿಸಿಕೊಂಡಿದ್ದಳು. ಇಪ್ಪತ್ತೆರಡು ವರ್ಷ ಅದು ಹೊರಗೆ ಬಿದ್ದಿರಲಿಲ್ಲ.

"ಕೂಡ್ರಿ ಆಯಿ," ಎಂದಳು ಮಾಣಿಕಮ್ಮ. "ದೊರಿ ಯಾರಿಗೂ ಅಪ್ಪ ಅಲ್ಲ. ನಮ್ಮವರು ದುಬಲಗುಂಡಿ ಊರ ಹಲಗಿಯವರು. ಹೆಣದ ಮುಂದ ಹಲಗಿ ಬಡೀತಿದ್ರು. ಆ ಹೆಸರ ಹೇಳಾಕ ನಾಚಿ ಸುಮ್ಮ ನಿಂತಿದ್ದಕ್ಕ ದೊರಿ ಬ್ರಾಡ್ಲಿ ಅಂತ ಬರದ."

ದೇವಿಂದ್ರಪ್ಪನ ಮುಖ ಕಪ್ಪಿಟ್ಟಿತು. "ಏನ್ ಒದರಾಕತ್ತೀ? ಯಾರ್ ಹೇಳ್ಯಾರ ನಿನಗ?"

"ನಿಮ್ಮವ್ವ."



"ಆಯಿ, ಮತ್ತ ನಾವು ಯಾರು?" ಶರಣಕುಮಾರ ಮೆಲ್ಲಗೆ ಕೇಳಿದ.

ಚಂದಮ್ಮ ಕೈಯಲ್ಲಿದ್ದ ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿದಳು. "ಕೊಹಿನೂರ ಊರಾಗ ಹೋಗಿ ಕೇಳು," ಎಂದಳು. "ಸತ್ತ ದನ ಎಳಿಯೋರ ಮನಿ ಯಾವುದಂತ ಕೇಳಬೇಕು. ಬ್ರಾಡ್ಲಿ ಅಂದ್ರ ಅಲ್ಲಿ ನಾಯಿನೂ ತಿರುಗಿ ನೋಡಾಂಗಿಲ್ಲ."

ಆಮೇಲೆ, "ಈ ಪ್ಲಾಸ್ಟಿಕ್ ಕುರ್ಚಿ ಮ್ಯಾಲ ಟೊಂಕ ಹಿಡೀತವ್ವ" ಎನ್ನುತ್ತ ಜಾರಿ ನೆಲಕ್ಕೆ ಇಳಿದಳು. ಗೋಡೆಗೆ ಒರಗಿ ಎರಡೂ ಕಾಲು ಚಾಚಿದಳು. "ನಿಮ್ಮ ಮನಿ ಬ್ಯಾರೆ, ನಮ್ಮ ಮನಿ ಬ್ಯಾರೆ ಆತಲ್ಲ. ಆ ಹುಡುಗಿಗೆ ಹೊರಗ ಬಾ ಅನ್ನು. ಎಷ್ಟೊತ್ತು ನಿಂದರ್ತಾಳ?"

ಮಾಣಿಕಮ್ಮ ಮಗಳನ್ನು ಕೂಗಿ ಚಂದಮ್ಮನ ಪಕ್ಕದಲ್ಲೇ ಕುಳಿತಳು. ಶರಣಕುಮಾರನೂ ಇಳಿದ. ದೇವಿಂದ್ರಪ್ಪ ಒಬ್ಬನೇ ಕುರ್ಚಿಯ ಮೇಲೆ ಉಳಿದು, ಕಾಲು ಎಲ್ಲಿಡಬೇಕೆಂದು ತಿಳಿಯದೆ, ಅವನ್ನು ಹಿಂದಕ್ಕೆ ಎಳೆದುಕೊಂಡ.