ಮೂವತ್ತೆಂಟು ನಿಮಿಷದ ಅಪರಾಧ

ನಿಂತುಹೋದ ಯಂತ್ರದ ಮುಂದೆ ಬಂದು ನಿಂತರೆ ಲಾಜರಸ್ ಸಿಕ್ವೇರಾ ಅವರು ಮೊದಲು ಯಂತ್ರವನ್ನು ನೋಡುತ್ತಿರಲಿಲ್ಲ. ಅದರ ಸುತ್ತ ನೆರೆದವರ ಕೈಗಳನ್ನು ನೋಡುತ್ತಿದ್ದರು. ಗ್ರೀಸು ಹತ್ತಿದ ಕೈ ಯಾವುದು, ಒದ್ದೆಯಾದ ಕೈ ಯಾವುದು, ಬೆನ್ನ ಹಿಂದಕ್ಕೆ ಸರಿದ ಕೈ ಯಾವುದು, ಇಷ್ಟನ್ನೂ ಒಂದು ಸುತ್ತಿನಲ್ಲಿ ಗಮನಿಸಿ, ಆಮೇಲೆ ಪುರೋಹಿತರು ಗೋತ್ರ ಕೇಳುವಷ್ಟೇ ಸಹಜವಾಗಿ ತಮ್ಮ ಆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: “ಇದಕ್ಕೆ ಮೊದಲು ಎಂತ ಮಾಡಿದ್ರಿ?”

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಒಂದೇ ಉತ್ತರ. ಏನೂ ಮಾಡಲಿಲ್ಲ. ಓಡುತ್ತಿತ್ತು, ತಾನಾಗಿಯೇ ನಿಂತಿತು. ಲಾಜರಸ್ ತಲೆಯಾಡಿಸಿ, “ತಾನಾಗೇ ನಿಲ್ಲೋಕೆ ಅದಕ್ಕೆಂತ ಬೇಜಾರು ಐತೆ ಮಾರಾಯ್ರೇ?” ಎನ್ನುತ್ತಿದ್ದರು. ಕರಾವಳಿಯಿಂದ ಹತ್ತಿ ಬಂದ ಮನೆತನದ ‘ಎಂತ’ವೂ ಇಲ್ಲಿ ಹುಟ್ಟಿ ಬೆಳೆದು ಕಲಿತ ‘ಐತೆ’ಯೂ ಅವರ ಒಂದೇ ವಾಕ್ಯದಲ್ಲಿ ನೆಂಟರಂತೆ ಪಕ್ಕಪಕ್ಕ ಕೂತಿರುತ್ತಿದ್ದವು.

ಬಾಳ್ಳುಪೇಟೆಯಿಂದಾಚೆ, ಆಲೂರಿನ ಕಡೆಗೆ ಹೊರಳುವ ರಸ್ತೆಯಲ್ಲಿರುವ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವರು ಹನ್ನೊಂದು ವರ್ಷ ಎಲೆಕ್ಟ್ರಿಷಿಯನ್. ಅದೇ ವರ್ಕ್ಸ್‌ನಲ್ಲಿ ನಾನು ಸ್ಟೋರಿನವನು. ಬೋಲ್ಟು, ಬೆಲ್ಟು, ಬೇರಿಂಗುಗಳ ನಡುವೆ ಕೂತು, ಬಿಡುವಿನಲ್ಲಿ ವಾರಪತ್ರಿಕೆಗಳಿಗೆ ನಗೆಬರಹ ಬರೆಯುವ ವ್ಯಸನವುಳ್ಳ ಮನುಷ್ಯ. ನನ್ನ ಹಾಸ್ಯಕ್ಕೆ ನಗುತ್ತಿದ್ದವರು ಸ್ಟೋರಿನಿಂದ ಸಾಮಾನು ಬೇಕಾದವರು ಮಾತ್ರ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಲಾಜರಸ್ ನಗುತ್ತಿರಲಿಲ್ಲ. ಕೇಳಿ ಮುಗಿಸಿ, “ಆಯ್ತು, ಫ್ಯೂಸ್ ಕೊಡ್ತೀರಾ?” ಎನ್ನುತ್ತಿದ್ದರು.

ಏಪ್ರಿಲ್ಲಿನ ಸೆಕೆಯಲ್ಲೂ ಅವರ ಮೈಮೇಲೊಂದು ಖಾಕಿ ಕೋಟು. ಮೂಲದಲ್ಲಿ ಅದು ಎಡಕುಮೇರಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಗ್ನಲ್ ದೀಪಗಳಿಗೆ ಸೀಮೆಎಣ್ಣೆ ಹಾಕುತ್ತಿದ್ದ ಅವರ ತಂದೆಯದು. ತಂದೆಯ ಹೆಗಲು ಮಗನಿಗಿಂತ ಅಗಲವಿದ್ದುದರಿಂದ, ಲಾಜರಸ್ ನಡೆದುಬರುವಾಗ ಕೋಟು ಅರ್ಧ ಹೆಜ್ಜೆ ಹಿಂದೆ ಬರುತ್ತಿರುವಂತೆ ತೋರುತ್ತಿತ್ತು. ನಡಿಗೆಯೂ ವಿಚಿತ್ರ. ಎಡಗಿವಿಯನ್ನು ತುಸು ಮುಂದೆ ಮಾಡಿ, ಯಾರದೋ ಮನೆಯ ಜಗಳ ಕೇಳಿಸಿಕೊಳ್ಳುವವರಂತೆ, ಮೋಟರುಗಳ ಸಾಲಿನ ಪಕ್ಕ ಮೆಲ್ಲಗೆ ಸಾಗುವುದು. ಜೇಬುಗಳಲ್ಲಿ ಟೆಸ್ಟರು, ಧೂಳು ಒರೆಸುವ ಸಣ್ಣ ಬ್ರಶ್ಶು, ಒಂದು ಜಪಸರ.

ಅವರ ಮುಖ್ಯ ಆರಾಧ್ಯ ವಸ್ತು ಮಾತ್ರ ಗೋಡೆಯ ಮೇಲಿದ್ದ ಒಂದು ಬೂದುಬಣ್ಣದ ಪೆಟ್ಟಿಗೆ. ಅದರ ಹೆಸರು ಪಿಎಲ್‌ಸಿ. ಕಾಫಿ ಬೀಜವನ್ನು ಮೇಲಕ್ಕೊಯ್ಯುವ ಎಲಿವೇಟರು ಯಾವಾಗ ಹೊರಡಬೇಕು, ಸಿಪ್ಪೆ ಸುಲಿಯುವ ಹಲ್ಲರು ಎಷ್ಟು ಸೆಕೆಂಡಿನ ನಂತರ ತಿರುಗಬೇಕು, ಎಲ್ಲಾದರೂ ಬೀಜ ಕಟ್ಟಿಕೊಂಡರೆ ಯಾವುದು ಮೊದಲು ನಿಲ್ಲಬೇಕು, ಈ ಸಮಸ್ತ ವಿಧಿನಿಷೇಧಗಳೂ ಪ್ರೋಗ್ರಾಮಾಗಿ ಅದರೊಳಗಿದ್ದವು. ಹಳೆಯ ಮಾದರಿ. ಕರೆಂಟು ಇರುವಷ್ಟು ಹೊತ್ತು ಅದಕ್ಕೆ ಎಲ್ಲ ನೆನಪಿರುತ್ತದೆ; ಕರೆಂಟು ಹೋದಾಗ ಒಳಗಿನ ಹೆಬ್ಬೆರಳು ಗಾತ್ರದ ಬ್ಯಾಟರಿ ಆ ನೆನಪನ್ನು ಹಿಡಿದುಕೊಂಡಿರುತ್ತದೆ; ಆ ಬ್ಯಾಟರಿಯೂ ಸತ್ತಿದ್ದು, ಕರೆಂಟೂ ಹೋಯಿತೋ, ಮತ್ತೆ ಬರುವಷ್ಟರಲ್ಲಿ ಪೆಟ್ಟಿಗೆ ಹಸುಗೂಸು. ಬ್ಯಾಟರಿ ಸೋಲುತ್ತಿದೆಯೆಂದು ಹೇಳಲು ಅದಕ್ಕೊಂದು ಕೆಂಪು ದೀಪ. ಅದನ್ನು ಬದಲಾಯಿಸಬೇಕಾದದ್ದೂ ಕರೆಂಟು ಇರುವಾಗಲೇ.

ಪ್ರೋಗ್ರಾಮು ಅಳಿಸಿಹೋದ ಪೆಟ್ಟಿಗೆಗಳಿಗೆ ಲಾಜರಸ್ ಸುತ್ತಲ ಹತ್ತು ಎಸ್ಟೇಟುಗಳ ವೈದ್ಯರಾಗಿದ್ದರು. ಮಾರನಹಳ್ಳಿಯ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಬಿಡಿಸುವ ಪಲ್ಪರಿನ ಪೆಟ್ಟಿಗೆ ಇದ್ದಕ್ಕಿದ್ದಂತೆ ಬರಿದಾದಾಗ, ಧಣಿಗಳು ಸಿಡಿಲೆಂದರು, ಲೆಕ್ಕ ಬರೆಯುವ ರೈಟರು ಇಲಿಯೆಂದರು. ಲಾಜರಸ್ ಯಥಾಪ್ರಕಾರ ಕೈಗಳನ್ನು ನೋಡಿದರು. ಗುಂಪಿನ ಹಿಂದೆ ವೆಲ್ಡಿಂಗಿನವನೊಬ್ಬ ಬೆರಳು ಒರೆಸಿಕೊಳ್ಳುತ್ತಿದ್ದ. ಮೆಟ್ಟಿಲಿಗೆ ಬೆಸುಗೆ ಹಾಕುವಾಗ ಅವನು ತನ್ನ ಅರ್ಥ್ ಕ್ಲಿಪ್ಪನ್ನು, ಹತ್ತಿರವಿದೆಯೆಂದು, ಪೆಟ್ಟಿಗೆಯ ಸ್ಟ್ಯಾಂಡಿನ ಕಾಲಿಗೇ ಕಚ್ಚಿಸಿದ್ದ. ವೆಲ್ಡಿಂಗಿನ ಕರೆಂಟು ಪೆಟ್ಟಿಗೆಯ ನೆನಪನ್ನು ಸುಟ್ಟುಕೊಂಡು ಹೋಗಿತ್ತು. ಧಣಿಗಳಿಗೆ ಸಂತೋಷವಾಯಿತು, ವೆಲ್ಡರು ಜೀವಮಾನದ ಶತ್ರುವಾದ. ಹೀಗೆ ರಿಪೇರಿಗೊಬ್ಬರಂತೆ ಶತ್ರುಗಳನ್ನು ಕೂಡಿಹಾಕಿಕೊಂಡವರು ಅವರು. ಕಾರಣ ಹುಡುಕದೆ ಬರೀ ರಿಪೇರಿ ಮಾಡಿದ್ದರೆ ಇಂದಿಗೂ ಜನಪ್ರಿಯರಾಗಿರುತ್ತಿದ್ದರು.

ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ನಮ್ಮ ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಆ ಬ್ಯಾಟರಿ ಪೇಟೆಯ ಗಡಿಯಾರದಂಗಡಿಯಲ್ಲಿ ಸಿಗುವಂಥದ್ದಲ್ಲ. ಬೆಂಗಳೂರಿನಿಂದ ಸ್ಟೋರಿನ ಮೂಲಕವೇ ತರಿಸಬೇಕು. ಲಾಜರಸ್ ನನಗೊಂದು ಇಂಡೆಂಟು, ಅಂದರೆ ಸಾಮಾನಿನ ಬೇಡಿಕೆ ಚೀಟಿ, ಬರೆದುಕೊಟ್ಟರು. ತಿಂಗಳು ಬಿಟ್ಟು ಎರಡನೆಯದು. ಮತ್ತೊಂದು ತಿಂಗಳಿಗೆ ಮೂರನೆಯದು. ಆ ದಿನಗಳಲ್ಲಿ ನಾನು ನಗೆಬರಹದ ಉತ್ಸಾಹದಲ್ಲಿದ್ದೆ. ಮೊದಲನೆಯದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, “ಪೆಟ್ಟಿಗೆಗೆ ಬ್ರಾಹ್ಮೀ ಎಣ್ಣೆ ಹಚ್ಚಿ ನೋಡಲಾಗಿದೆಯೇ?” ಎಂದು ಬರೆದೆ. ಎರಡನೆಯದರ ಮೇಲೆ, “ನೆನಪಿನ ಶಕ್ತಿಗೆ ಬೆಳಿಗ್ಗೆ ಐದು ಬಾದಾಮಿ.” ಮೂರನೆಯದನ್ನು ಓದಲೂ ಇಲ್ಲ. ಮೂರಕ್ಕೂ ಸಹಿ ಮಾಡಿ, ಬೆಂಗಳೂರಿಗೆ ತಿಳಿಸದೆ ಡ್ರಾಯರಿನಲ್ಲಿಟ್ಟೆ. ಎರಡು ವಾಕ್ಯಗಳೂ ಚೆನ್ನಾಗಿವೆಯೆಂದು ಅನ್ನಿಸಿತ್ತು. ಮುಂದೆ ಎಲ್ಲಾದರೂ ಬಳಸಿಕೊಳ್ಳಬಹುದೆಂದು.

ಆಯುಧಪೂಜೆಯ ದಿನ ನಮ್ಮಲ್ಲಿ ಯಂತ್ರಗಳಿಗೆ ಸಂಪೂರ್ಣ ವಿಶ್ರಾಂತಿ. ಮೇನ್ ಸ್ವಿಚ್ಚು ಇಳಿಸಿ, ತೊಳೆದು ಒರೆಸಿ, ಕುಂಕುಮವಿಟ್ಟು, ಬೂದುಗುಂಬಳ ಒಡೆಯುವುದು ಪದ್ಧತಿ. ಹಲ್ಲರು ನಡೆಸುವ ಹಿರಿಯ ರುದ್ರಯ್ಯನವರೇ ಅದರ ಅರ್ಚಕರು. ಹಿಂದಿನ ವರ್ಷಗಳಲ್ಲೆಲ್ಲ ಲಾಜರಸ್ ಪೆಟ್ಟಿಗೆಯ ಪಕ್ಕ ಕೋಟು ಹಾಕಿಕೊಂಡು ನಿಂತು, ಅದೊಂದರ ಕರೆಂಟು ತೆಗೆಯಗೊಡುತ್ತಿರಲಿಲ್ಲ. “ಎಚ್ಚರ ಇರೋ ಮಿಷನ್ನಿಗೆ ಯಾವ ಪೂಜೆ ಕಣಪ್ಪಾ? ಮಲಗಿರಬೇಕು ಅದು,” ಎಂದು ರುದ್ರಯ್ಯ ಗೊಣಗಿದರೆ, “ನಮ್ಮ ಇಗರ್ಜಿಯಲ್ಲಿ ಎಚ್ಚರ ಇರುವವರಿಗೇ ಪೂಜೆ ಮಾರಾಯ್ರೇ,” ಎನ್ನುತ್ತಿದ್ದರು. ಹೋದ ವರ್ಷ ಮಾತ್ರ ಅವರು ತಂಗಿಯ ಮಗಳ ಮದುವೆಗೆಂದು ಬೆಳ್ತಂಗಡಿಗೆ ಹೋಗಬೇಕಾಯಿತು. ಮಳೆಗಾಲದ ಕರೆಂಟು ಕಡಿತಗಳನ್ನು ಹೇಗೋ ದಾಟಿದ್ದ ಬ್ಯಾಟರಿ ಅಷ್ಟರಲ್ಲಿ ಪೂರ್ತಿ ಸೋತಿತ್ತು. ಹೋಗುವ ಮುನ್ನ ಪೆಟ್ಟಿಗೆಯ ಬಾಗಿಲಿಗೆ ದಪ್ಪಕ್ಷರದ ಕಾಗದ ಅಂಟಿಸಿದರು: ಬ್ಯಾಟರಿ ಸತ್ತಿದೆ, ಈ ಮೇನ್ ಆಫ್ ಮಾಡಬಾರದು.

ಪೂಜೆಯ ದಿನ ಮ್ಯಾನೇಜರ್ ಶ್ರೀನಾಥ್ ಅವರು ವರ್ಕ್ಸ್‌ನ ಧಣಿಗಳಿಗೆ ಕಳಿಸಲು ಫೋಟೋ ತೆಗೆಯುತ್ತಿದ್ದರು. ಸೇವಂತಿಗೆ ಹಾರದ ನಡುವೆ ಆ ಕಾಗದ ಅಮಂಗಳವಾಗಿ ಕಂಡಿತು. ಅದನ್ನು ಕಿತ್ತು ಮುದುರಿ ಕಸದ ಬುಟ್ಟಿಗೆಸೆದು, “ಎಲ್ಲಾ ಆಫ್ ಮಾಡ್ರೀ ರುದ್ರಯ್ಯ, ತೊಳೀಲಿ,” ಎಂದರು. ಮೂರು ಮಾರು ದೂರದಲ್ಲಿ ನಾನು ಪುರಿ ಕಡಲೆಯ ಪೊಟ್ಟಣ ಹಿಡಿದು ನಿಂತಿದ್ದೆ. ಕಾಗದವನ್ನು ಬೆಳಿಗ್ಗೆಯೇ ಓದಿದ್ದೆ. ಬಾಯಿ ತುಂಬಿತ್ತು ಎಂಬುದು ನನ್ನ ಈವರೆಗಿನ ಸಮರ್ಥನೆ.

ವಿಜಯದಶಮಿ ಕಳೆದು ಮೇನ್ ಏರಿಸಿದರೆ ಒಂದು ಬೆಲ್ಟೂ ಅಲುಗಲಿಲ್ಲ. ಮಂಗಳೂರು ಬಂದರಿಗೆ ಹೋಗಬೇಕಾದ ಲಾರಿ ಹೊರಗೆ ನಿಂತಿತ್ತು. ಬೀಜ ಆರಿಸುವ ನಲವತ್ತು ಹೆಂಗಸರು ಕೈಕಟ್ಟಿ ಕೂತಿದ್ದರು. ಲಾಜರಸ್ ಮದುವೆಮನೆಯ ಬಟ್ಟೆಯಲ್ಲೇ ಶಿರಾಡಿ ಘಾಟಿ ಹತ್ತಿ ಮಧ್ಯಾಹ್ನಕ್ಕೆ ಬಂದರು. ಪ್ರಶ್ನೆ ಕೇಳಿದರು. ಎಲ್ಲರೂ ಏನೂ ಮಾಡಿರಲಿಲ್ಲ. ಹೆಂಗಸರ ಮೇಸ್ತ್ರಿ ಸರೋಜಮ್ಮ ಮಾತ್ರ, “ಅಯ್ಯೋ, ಸುಳ್ಳ್ಯಾಕೆ ಹೇಳೀರಿ? ನೀವು ಅಂಟಿಸಿದ್ದ ಚೀಟಿ ಕಿತ್ತಾಕ್ಬುಟ್ರು, ಮೇನ್ ಎಳುದ್ರು, ತೊಳುದ್ರು. ನಾ ನೋಡಿವ್ನಿ,” ಎಂದಳು.

ಲಾಜರಸ್ ನೇರ ಪೆಟ್ಟಿಗೆಯ ಬಳಿಗೆ ನಡೆದರು. ಹಳೆಯ ಲ್ಯಾಪ್‌ಟಾಪು ತೆರೆದು, ಅದಕ್ಕೊಂದು ದಪ್ಪ ಕೇಬಲು ಸಿಕ್ಕಿಸಿ, ತಾವು ಜೋಪಾನವಾಗಿಟ್ಟಿದ್ದ ಪ್ರೋಗ್ರಾಮಿನ ಪ್ರತಿಯನ್ನು ಪೆಟ್ಟಿಗೆಗೆ ತುಂಬಿದರು. ಒಂದೊಂದೇ ಮೋಟರು ಪರೀಕ್ಷಿಸಿದರು. ಮೂವತ್ತೆಂಟು ನಿಮಿಷದಲ್ಲಿ ಎಲಿವೇಟರು ಹೊರಟಿತು, ಹಲ್ಲರು ತಿರುಗಿತು, ಹೆಂಗಸರು ಹೋ ಎಂದು ಕೂಗಿದರು. ಆಮೇಲೆ ಸ್ಟೋರಿಗೆ ಬಂದು ನಾಲ್ಕನೆಯ ಇಂಡೆಂಟು ಕೊಟ್ಟರು. ಈ ಸಲ ನಾನು ತಮಾಷೆ ಬರೆಯದೆ ಕೂಡಲೇ ಬೆಂಗಳೂರಿಗೆ ಫೋನು ಮಾಡಿದೆ.

ಅರ್ಧ ದಿನ ಯಾಕೆ ನಿಂತಿತೆಂದು ಧಣಿಗಳು ಕೇಳಿದರು. ಶ್ರೀನಾಥ್ ಅವರಿಗೆ ಒಂದು ಕಾರಣ ಬೇಕಾಗಿತ್ತು, ಅದು ತಾವಾಗಿರಬಾರದಿತ್ತು. ಎರಡನೆಯ ದಿನಕ್ಕೆ ಅವರಿಗೊಂದು ತರ್ಕ ಹೊಳೆಯಿತು. ಪೆಟ್ಟಿಗೆ ಮಾರಿದ ಕಂಪೆನಿಯವರು ಬಂದರೆ ಮೂರು ದಿನ ಹಿಡಿಯುವ ಕೆಲಸ ಈ ಮನುಷ್ಯನಿಗೆ ಮೂವತ್ತೆಂಟು ನಿಮಿಷದಲ್ಲಿ ಹೇಗೆ ಆಯಿತು? ಅಳಿಸಿದವನಿಗಲ್ಲದೆ ಇನ್ಯಾರಿಗೆ ಅಷ್ಟು ಬೇಗ ಬರೆಯಲು ಬರುತ್ತದೆ? ತಾನಿಲ್ಲದೆ ವರ್ಕ್ಸ್ ನಡೆಯದೆಂದು ತೋರಿಸಲು ತಾನೇ ಅಳಿಸಿಟ್ಟು ಮದುವೆಗೆ ಹೋಗಿದ್ದಾನೆ!

ಮೂರನೆಯ ದಿನ ಆಫೀಸಿನಲ್ಲಿ ವಿಚಾರಣೆ. ಬರೆದುಕೊಳ್ಳಲು ನಾನು. “ಸಾಹಿತಿಗಳು ನೀವು, ಒಳ್ಳೆ ಕನ್ನಡದಲ್ಲಿ ಬರೀರಿ,” ಎಂದರು ಶ್ರೀನಾಥ್.

“ಬ್ಯಾಟರಿ ಸಾಯ್ತಾ ಇದ್ರೆ ಮೊದಲೇ ಯಾಕೆ ಹೇಳ್ಲಿಲ್ಲ ನೀವು?”

“ಚೀಟಿ ಅಂಟಿಸಿದ್ದೆ, ಸಾರ್.”

“ಯಾವ ಚೀಟಿ?”

ಬಾಗಿಲಲ್ಲಿ ನಿಂತಿದ್ದ ಸರೋಜಮ್ಮ, “ನೀವೇ ಕಿತ್ತಿದ್ದಲ್ವ ಸಾ?” ಎಂದಳು.

“ಏನು ಬರೆದಿತ್ತು ಅದರಲ್ಲಿ?”

“ನಂಗೆ ಓದಾಕ್ ಬರಾಕಿಲ್ಲ.”

“ಅದು ದಸರಾ ಶುಭಾಶಯ ಕಣಮ್ಮ, ಹೋಗು,” ಎಂದರು ಶ್ರೀನಾಥ್. ರುದ್ರಯ್ಯ ನೆಲ ನೋಡುತ್ತಿದ್ದರು. ಲಾಜರಸ್ ನನ್ನ ಕಡೆ ತಿರುಗಿ, ಜ್ಞಾಪಿಸುವ ಧ್ವನಿಯಲ್ಲಿ ಹೇಳಿದರು: “ಸ್ಟೋರಲ್ಲಿ ಮೂರು ಇಂಡೆಂಟ್ ಐತಲ್ಲ ಸಾಹಿತಿಗಳೇ. ಮಳೆಗಾಲದ್ದು. ತಾರೀಕು ಸಮೇತ ಕೊಟ್ಟಿದ್ದೀನಿ. ಅದು ತೋರಿಸಿದ್ರೆ ಮುಗೀತು.”

ಇಂಡೆಂಟಿಗೆ ನಮ್ಮಲ್ಲಿ ಪ್ರತಿಯಿಲ್ಲ. ಪ್ರೋಗ್ರಾಮಿಗೆ ಮೂರು ಕಡೆ ಪ್ರತಿ ಇಟ್ಟಿದ್ದ ಮನುಷ್ಯ ತನ್ನ ಮಾತಿಗೆ ಒಂದನ್ನೂ ಇಟ್ಟುಕೊಂಡಿರಲಿಲ್ಲ. ಇದ್ದದ್ದು ನನ್ನ ಡ್ರಾಯರಿನಲ್ಲಿ, ನನ್ನ ಸಹಿಯೊಂದಿಗೆ, ಬ್ರಾಹ್ಮೀ ಎಣ್ಣೆ ಮತ್ತು ಬಾದಾಮಿಗಳೊಂದಿಗೆ. ಅವನ್ನು ಮೇಜಿನ ಮೇಲಿಟ್ಟರೆ ಲಾಜರಸ್ ಉಳಿಯುತ್ತಿದ್ದರು, ನಾನು ಉಳಿಯುತ್ತಿರಲಿಲ್ಲ.

“ಹುಡುಕಬೇಕು,” ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ನಾನು ಬರೆಯುವುದರಲ್ಲಿ ಮಗ್ನನಾದೆ. ನನ್ನ ಜೀವಮಾನದ ಅತ್ಯಂತ ಪರಿಶುದ್ಧ ಗದ್ಯ ಆ ಕಾಗದದಲ್ಲಿದೆ. ‘ದುರುದ್ದೇಶಪೂರಿತವಾಗಿ’ ಎಂಬ ಪದ ಶ್ರೀನಾಥ್ ಅವರದಲ್ಲ, ನನ್ನದು. ಲಯಕ್ಕೆ ಬೇಕೆನಿಸಿ ಹಾಕಿದ್ದು. ಕೊನೆಗೆ ಲಾಜರಸ್ ಅದನ್ನು ಸಾವಧಾನವಾಗಿ ಓದಿ, “ನಲವತ್ತು ನಿಮಿಷ ಅಂತ ಬರೆದಿದ್ದೀರಿ. ಮೂವತ್ತೆಂಟು,” ಎಂದರು. ತಿದ್ದಿಕೊಟ್ಟೆ. ಶ್ರೀನಾಥ್ ಮುಂದೆ ತಳ್ಳಿದ ಕಾಗದದಲ್ಲಿ ಕೆಲಸ ಬಿಟ್ಟುಹೋಗುವುದಾಗಿ ಸಹಿ ಮಾಡಿ ಎದ್ದರು.

ಬಾಗಿಲ ಬಳಿ ನಿಂತು, “ಬ್ಯಾಟರಿ ಬಂತಾ?” ಎಂದರು. ಬೆಳಿಗ್ಗೆಯೇ ಬಂದಿತ್ತು. ಅದನ್ನು ಇಸಿದುಕೊಂಡು, ಯಂತ್ರಗಳು ಓಡುತ್ತಿರುವಂತೆಯೇ ಪೆಟ್ಟಿಗೆ ತೆರೆದು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರು. ಕೆಂಪು ದೀಪ ಆರಿತು. ಬ್ಯಾಟರಿ ಹಾಕಿದ ತಾರೀಕನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಿ, ಬ್ರಶ್ಶಿನಿಂದ ಧೂಳು ಒರೆಸಿ, ಹೊರಟುಹೋದರು. ಸರೋಜಮ್ಮ ನನ್ನ ಪಕ್ಕದಲ್ಲಿ ಹಾಯುವಾಗ, “ಬರೆಯೋಕೆ ಅಷ್ಟು ಚೆಂದ ಬತ್ತದಂತೆ, ಬಾಯಿ ಬರಾಕಿಲ್ವಾ ನಿಮಗೆ?” ಎಂದಳು. ನನ್ನ ಬರವಣಿಗೆಯ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಸಂಕ್ಷಿಪ್ತವಾದದ್ದನ್ನು ನಾನು ಕಂಡಿಲ್ಲ.

ಸುದ್ದಿ ಘಾಟಿಯ ಎಸ್ಟೇಟುಗಳಿಗೆಲ್ಲ ಹಬ್ಬಿತು. ಆ ಮನುಷ್ಯ ಮುಟ್ಟಿದ ಪೆಟ್ಟಿಗೆ ಅವನ ಮಾತನ್ನೇ ಕೇಳುತ್ತದಂತೆ, ಬೇಕೆಂದಾಗ ಅಳಿಸುತ್ತಾನಂತೆ. ಮಾರನಹಳ್ಳಿಯ ಧಣಿಗಳೂ ಕರೆಯುವುದನ್ನು ಬಿಟ್ಟರು. ಈಗ ಲಾಜರಸ್ ಹೆಗ್ಗದ್ದೆ ಊರಿನ ತಮ್ಮ ಮನೆಯ ಜಗಲಿಯಲ್ಲಿ ಕೂತು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಮಿಕ್ಸಿಗೆ ಪ್ರೋಗ್ರಾಮು ಇಲ್ಲ. ಅದರ ವಿಷಯದಲ್ಲಿ ಯಾರೂ ಅವರನ್ನು ಅನುಮಾನಿಸುವಂತಿಲ್ಲ.

ಈ ಮಾರ್ಚಿನಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದು, ಆ ಮೂರು ಕಾಗದಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದೆ. ಅವರು ಸಂತೆಗೆ ಹೋಗಿದ್ದರು. ಹೆಂಡತಿ ಸ್ಟೆಲ್ಲಾ ಬಾಯಿ ಕಾಫಿ ತಂದಿಟ್ಟು, ಎದುರು ಕೂತು, “ಸ್ಟೋರಿನವರು ಒಳ್ಳೆಯವರು, ಹುಡುಕ್ತಾ ಇದ್ದಾರೆ ಅಂತ ಇವರು ಹೇಳ್ತಾ ಇರ್ತಾರೆ. ಸಿಕ್ಕಿತಾ ಅದು?” ಎಂದರು.

“ಇನ್ನೂ ಇಲ್ಲ,” ಎಂದೆ. ಕಾಫಿ ಕುಡಿದೆ. ಬಂದೆ.

ನಮ್ಮ ಈ ಗುಡ್ಡಗಳಲ್ಲಿ ಲಾಜರಸ್ ಅಂಥವರು ಇನ್ನೂ ಕೆಲವರಿದ್ದಾರೆ; ಪಂಪುಮನೆಗಳಲ್ಲಿ, ರೈಲಿನ ಸುರಂಗಗಳಲ್ಲಿ, ಕರೆಂಟಿನ ಸಬ್‌ಸ್ಟೇಷನ್ನುಗಳಲ್ಲಿ. ಏನೂ ಆಗದಂತೆ ನೋಡಿಕೊಳ್ಳುವುದು ಅವರ ಕೆಲಸ, ಮತ್ತು ಆಗದೇ ಹೋದದ್ದಕ್ಕೆ ಜಗತ್ತಿನಲ್ಲಿ ಗುರುತು ಉಳಿಯುವುದಿಲ್ಲ. ಹನ್ನೊಂದು ವರ್ಷ ನಿಲ್ಲದ ಯಂತ್ರವನ್ನು ಯಾರೂ ನೋಡಿರುವುದಿಲ್ಲ; ನಿಂತ ಅರ್ಧ ದಿನವನ್ನು ಊರೆಲ್ಲ ನೋಡಿರುತ್ತದೆ, ಆಗ ಅದರ ಪಕ್ಕದಲ್ಲಿ ನಿಂತಿರುವವರು ಅವರೇ. ಇಂಥವರು ಹೊಗಳಿಕೆಯನ್ನಾಗಲಿ ಹಾರವನ್ನಾಗಲಿ ಕೇಳುವುದಿಲ್ಲ. ಸಮಯಕ್ಕೆ ಸರಿಯಾಗಿ ಒಂದು ಕಾಗದ ತೆಗೆದು ತೋರಿಸುವ ಒಬ್ಬ ಮನುಷ್ಯನನ್ನು ಕೇಳುತ್ತಾರೆ. ಅವರ ದುರದೃಷ್ಟವೆಂದರೆ, ಅಂಥ ಕಾಗದಗಳು ಸಾಮಾನ್ಯವಾಗಿ ನನ್ನಂಥವರ ಹತ್ತಿರ ಇರುತ್ತವೆ.