ತುಂಬದೆ ಬಿಟ್ಟ ಪೀಪಾಯಿ

ನವೆಂಬರಿನಲ್ಲಿ ಗೋತಿಯೆ ಸತ್ತ ಮೇಲೆ ಮಾವ ಆನ್ಸೆಲ್ಮ್ ವೈನಿನ ನೆಲಮಾಳಿಗೆಗೆ ಇಳಿಯುವುದನ್ನು ಬಿಟ್ಟರು. ಮಣ್ಣು ಮಾಡಿ ಬಂದ ದಿನವೇ ಅದರ ಬೀಗದ ಕೈಯನ್ನು ಅಡುಗೆಮನೆಯ ಮೇಜಿನ ಮೇಲೆ ನನ್ನ ಮುಂದಿಟ್ಟು, "ಇನ್ಮೇಲೆ ನೀನೇ ನೋಡ್ಕೋ" ಅಂದರು. ಅಷ್ಟೇ.

ಗೋತಿಯೆ ನನ್ನ ಗಂಡ. ಚಳಿಗಾಲಕ್ಕೆ ಮುಂಚೆ ದ್ರಾಕ್ಷಿ ಬಳ್ಳಿಗಳ ಬುಡಕ್ಕೆ ಮಣ್ಣೇರಿಸಲು ಹೋಗಿದ್ದಾಗ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಮಗುಚಿತು. ಅವನಿಗೆ ಮೂವತ್ತೊಂದು ವರ್ಷ.

ಆ ವರ್ಷ ನಮ್ಮ ಮನೆಯ ವೈನು ಹನ್ನೆರಡು ಪೀಪಾಯಿ ಆಗಿತ್ತು. ಹನ್ನೊಂದು ಮಾವನ ಹೆಸರಿನವು. ಗೋಡೆಯ ಪಕ್ಕದ ಹನ್ನೆರಡನೆಯದು ಗೋತಿಯೆಯದು. ಗುಡ್ಡದ ಮೇಲಿನ ಒಂಬತ್ತು ಸಾಲು ಬಳ್ಳಿಯನ್ನು ಮಾವ ಅವನಿಗೆ ಬಿಟ್ಟುಕೊಟ್ಟಿದ್ದರು. ಅಪ್ಪನನ್ನು ಕೇಳದೆ ಅವನು ಮಾಡಿದ ಮೊದಲ ವೈನು ಅದು. ಸಾಯುವ ಮೂರು ದಿನ ಮುಂಚೆ, ಶನಿವಾರ, ಅದನ್ನು ಬಾಯಿಮಟ್ಟ ತುಂಬಿ, ಬಿರಡೆಯನ್ನು ಮರದ ಸುತ್ತಿಗೆಯಲ್ಲಿ ಬಡಿದು, ಸೀಮೆಸುಣ್ಣದಲ್ಲಿ ತಾರೀಕು ಬರೆದಿದ್ದ.

ಪೀಪಾಯಿಯ ಮರದೊಳಗಿಂದ ವೈನು ದಿನವೂ ಇಷ್ಟಿಷ್ಟೇ ಆರಿಹೋಗುತ್ತದೆ. ವಾರಕ್ಕೊಮ್ಮೆ ಬಿರಡೆ ತೆಗೆದು, ಕಡಿಮೆಯಾದಷ್ಟನ್ನು ತುಂಬಬೇಕು. ಗಾಳಿಗೆ ಜಾಗ ಸಿಕ್ಕಿತೋ, ಹುಳಿ ಹಿಡಿಯಿತು. ನಮ್ಮೂರಿನ ಮಕ್ಕಳಿಗೂ ಇದು ಗೊತ್ತು. ನಾನಂತೂ ಡಿಜೋನ್ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಇದನ್ನೇ ಓದಿದವಳು.

ಪ್ರತಿ ಶನಿವಾರ ನಾನು ಹನ್ನೊಂದು ಪೀಪಾಯಿಯನ್ನೂ ತುಂಬಿದೆ. ಹನ್ನೆರಡನೆಯದರ ಬಿರಡೆ ತೆಗೆಯಲಿಲ್ಲ. ಅದನ್ನು ಕೊನೆಗೆ ಬಡಿದ ಕೈ ಅವನದು. ಒಂದು ವಾರ ಬಿಟ್ಟರೆ ಏನೂ ಆಗುವುದಿಲ್ಲ ಅಂದುಕೊಂಡೆ. ಎರಡನೆಯ ವಾರವೂ ಹಾಗೇ ಅಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳಲಿಲ್ಲ.

ಜೂನ್ ತಿಂಗಳಲ್ಲಿ ಬಳ್ಳಿ ಹೂ ಬಿಟ್ಟಿತು. ಒಂದು ಬೆಳಿಗ್ಗೆ ಮಾವ ಪಕ್ಕದ ತೋಟದ ಫೆರ್ನಾಂನನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಕೈಯಲ್ಲಿ ಮೂರು ಗ್ಲಾಸು, ವೈನು ಎಳೆಯುವ ಗಾಜಿನ ನಳಿಗೆ.

"ಬಾ ಫೆರ್ನಾಂ. ನನ್ನ ಮಗ ಏನು ಮಾಡಿಟ್ಟಿದ್ದಾನೆ ನೋಡೋಣ."

ನೇರ ಹನ್ನೆರಡನೆಯದಕ್ಕೇ ಹೋದರು. ಬೆರಳ ಗೆಣ್ಣಿನಿಂದ ಪೀಪಾಯಿಯ ಮೇಲೆ ತಟ್ಟಿದರು. ಟೊಳ್ಳು ಸದ್ದು ಬಂತು. ಬಿರಡೆ ಕಿತ್ತರು. ಬಾಗಿಲ ಹತ್ತಿರ ನಿಂತಿದ್ದ ನನ್ನವರೆಗೂ ವಾಸನೆ ಬಂತು. ಉಗುರಿಗೆ ಹಚ್ಚುವ ಬಣ್ಣದ ವಾಸನೆ, ವೈನು ಹುಳಿ ಹಿಡಿದರೆ ಬರುವಂಥದ್ದು.

ಫೆರ್ನಾಂ ಒಂದು ಗುಟುಕು ಕುಡಿದು ಜಲ್ಲಿನೆಲದ ಮೇಲೆ ಉಗಿದ. ಅವನ ಕಣ್ಣು ಒಮ್ಮೆ ನನ್ನ ಕಡೆ ಬಂದು ಹೋಯಿತು.

"ಹೂಂ… ಗಟ್ಟಿ ಇದೆ ಆನ್ಸೆಲ್ಮ್. ಅಪ್ಪನ ಥರಾನೇ ಮೊಂಡು."

"ಅಲ್ವಾ?" ಮಾವ ಗ್ಲಾಸನ್ನು ಮೂಗಿನಿಂದ ದೂರ ಹಿಡಿದಿದ್ದರು. "ಹೊರಗೆ ಬಳ್ಳಿ ಹೂ ಬಿಟ್ಟಿದೆಯಲ್ಲ, ಒಳಗಿರೋ ವೈನಿಗೆ ಗೊತ್ತಾಗುತ್ತೆ. ಹೂ ಇರೋವರೆಗೂ ಅದರ ತಲೆ ಕೆಟ್ಟಿರುತ್ತೆ. ಹೂ ಉದುರಲಿ, ತಾನೇ ಸರಿಹೋಗುತ್ತೆ."

ಈ ಮಾತು ಇಲ್ಲಿ ಎಲ್ಲರೂ ಆಡುತ್ತಾರೆ. ಅರ್ಧ ನಿಜ: ಆ ಹೊತ್ತಿನ ಸೆಕೆಗೆ ವೈನು ಸ್ವಲ್ಪ ಕದಡುತ್ತದೆ, ಆದರೆ ಹುಳಿ ಹಿಡಿದದ್ದು ಹೂ ಉದುರಿದರೂ ಸರಿಹೋಗುವುದಿಲ್ಲ. ಮಾವ ಗ್ಲಾಸಿನಲ್ಲಿ ಉಳಿದದ್ದನ್ನು ಪೀಪಾಯಿಗೆ ವಾಪಸು ಸುರಿದು, ಅದೇ ನಳಿಗೆಯನ್ನು ಹನ್ನೊಂದನೆಯದಕ್ಕೆ ಅದ್ದಿದರು.

"ಮಾವ, ನಳಿಗೆ ಕೊಡಿ, ತೊಳೆದು ಕೊಡ್ತೀನಿ."

"ನೋಡಿದ್ಯಾ ಫೆರ್ನಾಂ? ಬಿಯರ್ ಸೀಮೆಯಿಂದ ಬಂದೋಳು ನನಗೆ ನಳಿಗೆ ತೊಳೆಯೋದು ಹೇಳ್ಕೊಡ್ತಾಳೆ!"

ನಾನು ಉತ್ತರದ ಲೀಲ್ ಕಡೆಯವಳು, ಅಲ್ಲಿ ಕುಡಿಯುವುದು ಬಿಯರು. ಈ ಹಾಸ್ಯಕ್ಕೆ ಆರು ವರ್ಷವಾಗಿತ್ತು. ಏಳು ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ನಳಿಗೆಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡೆ.

ಆಮೇಲೆ ಅವರು ದಿನವೂ ಬಂದರು. ದಿನವೂ ಮೊದಲು ಹನ್ನೆರಡನೆಯದು, ಆಮೇಲೆ ಉಳಿದವು, ಒಂದೇ ನಳಿಗೆ. ಅವರು ಹೋದ ಮೇಲೆ ನಾನು ಅದನ್ನು ಕುದಿನೀರಿನಲ್ಲಿ ತೊಳೆದಿಡುತ್ತಿದ್ದೆ. ಪ್ರಯೋಜನವಿರಲಿಲ್ಲ, ಅಷ್ಟರಲ್ಲಿ ಅದನ್ನು ಉಳಿದವಕ್ಕೂ ಅದ್ದಿಯಾಗಿರುತ್ತಿತ್ತು. ಹುಳಿ ಹತ್ತಿಸುವ ಜೀವಾಣು ಕಣ್ಣಿಗೆ ಕಾಣುವುದಿಲ್ಲ. ಒಂದು ಹನಿ ಸಾಕು. ಹನ್ನೆರಡೂ ಪೀಪಾಯಿಯ ವೈನನ್ನು ಪುಟ್ಟ ಶೀಷೆಗಳಲ್ಲಿ ತುಂಬಿಕೊಂಡು ಬೋನ್ ಪಟ್ಟಣದ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಹನ್ನೆರಡನೆಯದರ ಕಥೆ ಮುಗಿದಿತ್ತು. ಹನ್ನೊಂದನೆಯದಕ್ಕೆ ಹತ್ತತೊಡಗಿತ್ತು, ಈಗಲೇ ನಿಲ್ಲಿಸಿದರೆ ಉಳಿಯುತ್ತದೆ ಅಂದರು. ಉಳಿದ ಹತ್ತು ಸದ್ಯಕ್ಕೆ ಚೆನ್ನಾಗಿದ್ದವು.

ಗೇಟಿನ ಹತ್ತಿರ ಫೆರ್ನಾಂ ಸಿಕ್ಕ.

"ನಿಮಗೆ ಅವತ್ತೇ ಗೊತ್ತಾಯ್ತು" ಅಂದೆ.

"ಊರಿಗೇ ಗೊತ್ತು ಕಣಮ್ಮ. ಇವನು ಯಾರ್ಯಾರನ್ನೋ ಕರ್ಕೊಂಡು ಬಂದು ಕುಡಿಸ್ತಿದ್ದಾನಲ್ಲ. ಬೇಕರಿಯೋನು ಕೂಡ 'ಆಹಾ' ಅಂದು ಹೋದ. ಹೇಳ್ಬೇಡ. ಅವನ ಎದೆ ಒಡೆದುಹೋಗುತ್ತೆ."

"ಉಳಿದ ಹನ್ನೊಂದು?"

ಅವನು ತನ್ನ ಬೂಟು ನೋಡಿಕೊಂಡ. "ನಳಿಗೆ ಒಡೆದ್ಹಾಕು. ಕೈ ಜಾರಿತು ಅನ್ನು."

ನಳಿಗೆ ಒಡೆದರೆ ಇನ್ನೊಂದು ತರುತ್ತಾರೆ.

ಆರು ವರ್ಷದ ಹಿಂದೆ ನನಗೆ ವೈನು ಕುಡಿಯುವುದನ್ನು ಕಲಿಸಿದವರು ಮಾವ. ಮೊದಲ ದಿನ, "ಓದಿದ್ದನ್ನ ಮೆಟ್ಟಿಲ ಮೇಲೆ ಬಿಟ್ಟು ಬಾ" ಅಂದಿದ್ದರು. ಮೊದಲು ಕಣ್ಣು, ಆಮೇಲೆ ಮೂಗು, ನಾಲಿಗೆ ಕೊನೆಗೆ. ನಾನು "ಚೆನ್ನಾಗಿದೆ" ಅಂದಾಗ ಗ್ಲಾಸು ಕಿತ್ತುಕೊಂಡಿದ್ದರು. "ಚೆನ್ನಾಗಿದೆ ಅನ್ನೋದನ್ನ ಗಿರಾಕಿ ಹೇಳ್ತಾನೆ. ನಿನಗೆ ಏನು ಸಿಕ್ತು ಅದನ್ನ ಹೇಳು. ಸಿಗದೇ ಇದ್ರೆ ಬಾಯಿ ಮುಚ್ಕೊಂಡಿರು. ಗ್ಲಾಸಿನ ಮುಂದೆ ಸುಳ್ಳು ಹೇಳ್ಬಾರ್ದು."

ಮರುದಿನ ಅವರು ಬಂದಾಗ ಕುದಿನೀರಿನಲ್ಲಿ ತೊಳೆದ ಎರಡು ನಳಿಗೆ, ಎರಡು ಗ್ಲಾಸು ಇಟ್ಟುಕೊಂಡು ಕಾಯುತ್ತಿದ್ದೆ.

"ಮಾವ, ನನ್ನ ಮೂಗು ಹೋಗಿದೆ. ನವೆಂಬರಿನಿಂದ ಯಾವ ವಾಸನೇನೂ ಗೊತ್ತಾಗ್ತಿಲ್ಲ."

ಅವರ ಮುಖ ಬಿಳಿಚಿಕೊಂಡಿತು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಮೊದಲಿಂದ ಹೇಳ್ಕೊಡಿ. ನಿಮಗೆ ಸಿಕ್ಕಿದ್ದನ್ನ ಹೇಳ್ತಾ ಹೋಗಿ, ನನ್ನದು ವಾಪಸು ಬರಬಹುದು."

ಅವರು ಪೆಟ್ಟಿಗೆಯೊಂದರ ಮೇಲೆ ಕೂತರು. ಮೊದಲು ಮೂರನೆಯ ಪೀಪಾಯಿಯಿಂದ ಎಳೆದು ಕೊಟ್ಟೆ. ಬೆಳಕಿಗೆ ಹಿಡಿದರು, ಗ್ಲಾಸನ್ನು ತಿರುಗಿಸಿದರು, ಮೂಗು ಒಳಗಿಟ್ಟು ಕಣ್ಣು ಮುಚ್ಚಿದರು.

"ಚೆರ್ರಿ. ಅದರ ಬೀಜಾನೂ ಬಂತು. ಮಳೆ ನಿಂತ ಮೇಲೆ ಕಲ್ಲಿನ ಗೋಡೆಯಿಂದ ಬರುತ್ತಲ್ಲ, ಅದು. ನಾಲಿಗೆ ಮೇಲೆ ಇನ್ನೂ ಒರಟು, ಎರಡು ವರ್ಷ ಕಾಯ್ಬೇಕು. ಸಿಕ್ತಾ?"

"ಇಲ್ಲ."

"ಪರವಾಗಿಲ್ಲ ಮಗು. ಇನ್ನೊಂದು ಕೊಡು."

ಎರಡನೆಯ ನಳಿಗೆಯಿಂದ ಹನ್ನೆರಡನೆಯದನ್ನು ಎಳೆದು ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದರು.

"ಬಣ್ಣ?" ಅಂದೆ.

"ಅಂಚು ಕಂದು. ಒಂದು ವರ್ಷಾನೂ ಆಗದ ವೈನಿಗೆ ಇರಬಾರದಷ್ಟು."

"ಮೂಗು?"

"ಇದು ಬೇಡ. ನಾಲ್ಕನೇದು ಕೊಡು."

"ನನಗೆ ಮೂಗಿಲ್ಲ ಮಾವ. ನಿಮ್ಮದನ್ನೇ ನಂಬಬೇಕು."

ಮೇಲೆ ಅಂಗಳದಲ್ಲಿ ಅತ್ತೆ ಒಡೀಲ್ ಕೋಳಿಗಳನ್ನು ಗದರಿಸುತ್ತಿದ್ದದ್ದು ಕೇಳುತ್ತಿತ್ತು. ಮಾವ ಗ್ಲಾಸನ್ನು ಮೂಗಿಗೆ ತಂದರು. ಈ ಸಲ ದೂರ ಹಿಡಿಯಲಿಲ್ಲ.

"ವಿನೆಗರ್" ಅಂದರು.

"ಹೂವಿನ ದೆಸೆಯಿಂದಾನಾ?"

"ಹೂವಿನದಲ್ಲ, ಗಾಳಿಯದ್ದು. ಇದನ್ನ ತಿಂಗಳುಗಟ್ಟಲೆ ಯಾರೂ ತುಂಬಿಲ್ಲ."

"ನಾನೇ ತುಂಬಿಲ್ಲ. ಆ ಬಿರಡೆ ಅವನು ಬಡಿದದ್ದು. ತೆಗೆಯೋಕಾಗಲಿಲ್ಲ."

ಮಾವ ನನ್ನನ್ನು ನೋಡಿದರು. "ನಿನ್ನ ಮೂಗಿಗೆ ಏನೂ ಆಗಿಲ್ಲ."

"ಇಲ್ಲ."

"ಯಾವಾಗಿಂದ ಗೊತ್ತಿತ್ತು?"

"ಮಾರ್ಚಿನಿಂದ. ಬಿರಡೆ ಸಂದಿಯಿಂದ ವಾಸನೆ ಬರ್ತಿತ್ತು."

"ಮಾರ್ಚಲ್ಲಿ ಹೇಳಿದ್ರೆ ಉಳೀತಿತ್ತು."

"ಉಳೀತಿತ್ತೇನೋ."

"ಇದೊಂದನ್ನೇ ಅಲ್ವೇನೇ ಅವನು ಮಾಡಿಟ್ಟುಹೋಗಿದ್ದು?"

ನಮಗೆ ಮಕ್ಕಳಿರಲಿಲ್ಲ. ಪ್ರಯೋಗಾಲಯದ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಓದಿದರು. ಹನ್ನೊಂದನೆಯ ಪೀಪಾಯಿಯ ಸಾಲಿನ ಮೇಲೆ ಹೆಬ್ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ತಮ್ಮ ಹಳೆಯ ನಳಿಗೆಯನ್ನು ತೆಗೆದುಕೊಂಡು ಕಲ್ಲಿನ ಕಂಬಕ್ಕೆ ಹೊಡೆದರು.

ಮರುದಿನ ಬೆಳಿಗ್ಗೆ ಹನ್ನೆರಡನೆಯದಕ್ಕೆ ಪಂಪು ಹಾಕಿ ಅಂಗಳದ ಮೋರಿಗೆ ಹರಿಸಿದೆವು. ಇನ್ನೂರಕ್ಕೂ ಹೆಚ್ಚು ಲೀಟರು ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆ ಮಣ್ಣಿನ ಹೂಜಿ ತಂದು ಪೈಪಿನ ಬಾಯಿಗೆ ಹಿಡಿದು, ತುಂಬಿಕೊಂಡು ಒಳಗೆ ಹೋದರು. ಅವರ ಒಲೆಯ ಪಕ್ಕ ವಿನೆಗರ್ ಮಾಡುವ ಜಾಡಿಯಿದೆ, ಅವರ ಅಜ್ಜಿಯ ಕಾಲದ್ದು. ಹುಳಿ ಹಿಡಿದ ಪೀಪಾಯಿ ಮತ್ತೆ ವೈನಿಗೆ ಬರುವುದಿಲ್ಲ. ಮಾವ ಅದನ್ನು ಹೊರಗೆ ಉರುಳಿಸಿಕೊಂಡು ಹೋಗಿ ತಾವೇ ಕೊಡಲಿಯಿಂದ ಒಡೆದರು. ಸೀಮೆಸುಣ್ಣದ ತಾರೀಕಿದ್ದ ಹಲಗೆಯನ್ನೂ ಒಡೆದರು.

ಒಳಗೆ ಬಂದು ಕೈ ಚಾಚಿದರು. "ಬೀಗದ ಕೈ."

ಕೊಟ್ಟೆ.

ಈಗ ಶನಿವಾರ ಅವರೇ ತುಂಬುತ್ತಾರೆ. ಹನ್ನೊಂದೂ ಚೆನ್ನಾಗಿವೆಯಂತೆ, ಫೆರ್ನಾಂ ಹೇಳಿದ. ನಾನು ಬಳ್ಳಿ ಕಟ್ಟಲು ಗುಡ್ಡಕ್ಕೆ ಹೋಗುತ್ತೇನೆ. ಗೋತಿಯೆಯ ಆ ಒಂಬತ್ತು ಸಾಲಿಗೆ ಹೋಗು ಎಂದೂ ಅವರು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಆಗಸ್ಟಿನ ಒಂದು ಭಾನುವಾರ ಅತ್ತೆ ಸೊಪ್ಪಿಗೆ ಅಕ್ರೋಟಿನ ಎಣ್ಣೆ, ಆ ವೈನಿನಿಂದ ಜಾಡಿಯಲ್ಲಾದ ಹೊಸ ವಿನೆಗರ್ ಕಲಸಿ ಬಡಿಸಿದರು. ಮಾವ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು, ತಳವನ್ನು ಬ್ರೆಡ್ಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡರು. ಆಮೇಲೆ, ಎರಡು ತಿಂಗಳಲ್ಲಿ ಮೊದಲ ಸಲ, ಮಾತಾಡಲು ನನ್ನ ಕಡೆ ತಿರುಗಿದರು.

"ಏನು ಸಿಕ್ತು?"

ಸೊಪ್ಪನ್ನು ನಿಧಾನವಾಗಿ ಅಗಿದೆ.

"ಹುಳಿ. ಅದರ ಹಿಂದೆ ಚೆರ್ರಿ. ಒಳ್ಳೇ ಹಣ್ಣಿತ್ತು ಮಾವ."

"ಇತ್ತು" ಅಂದರು ಮಾವ, ಬೀಗದ ಕೈಯಿದ್ದ ಜೇಬಿನ ಮೇಲೆ ಕೈಯಿಟ್ಟುಕೊಂಡು ಎದ್ದು ಹೋದರು.