ಪಂಚೆಯ ಮೇಲಿನ ಕೆರೆ

“ಹೆಂಡ್ತಿ ವೀಸಾ ಮೇಲೆ ಬಂದೋನಿಗೆ ಇನ್ನೇನ್ರೀ ಕೆಲ್ಸ? ಹಳೇ ಗುಜರಿ ತಿರುಗಿಸ್ತಾ ಕೂತಿರೋದು!”

ಪುಳಿಯೋಗರೆ ತಟ್ಟೆ ಹಿಡಿದು ಹಯವದನ ಹೇಳಿದ್ದಕ್ಕೆ ವರ್ಷಾಳ ಮನೆಯ ಹಾಲ್‌ನಲ್ಲಿ ಸೇರಿದ್ದ ಕನ್ನಡಿಗರೆಲ್ಲ ನಕ್ಕರು. ಸ್ವೀಡನ್ನಿನ ನಾರ್‌ಶೋಪಿಂಗ್ ಊರಿನ ಕ್ಯಾಂಪಸ್ಸಿನಲ್ಲಿ ಅವನು ವರ್ಷಾಳ ಸೀನಿಯರ್. ವರ್ಷಾ ನಗಲಿಲ್ಲ. ಗಂಡ ಅಭಿಜಿತನ ಮುಖ ನೋಡಿದಳು.

ಅವನ ಬಾಯಿಗೆ ಒಳ್ಳೆಯ ಉತ್ತರವೇ ಬಂದಿತ್ತು. ದಾವಣಗೆರೆಯಲ್ಲಿ ಇಂಥದೇ ಒಂದು ಮಾತಿಗೆ ಲೆಕ್ಚರರ್‌ನ ಕಾಲರ್ ಹಿಡಿದು ಡಿಪ್ಲೊಮಾ ಅರ್ಧಕ್ಕೇ ಬಿಟ್ಟವನು ಅವನು. ಆದರೆ ಅವನ ಮುಂದಿದ್ದ ಹಳೇ ಫಿಲ್ಮ್ ಪ್ರೊಜೆಕ್ಟರ್ ಆಗಲೇ ಓಡುತ್ತಿತ್ತು. ಅದರ ಬೆಲ್ಟ್ ಹರಿದುಹೋಗಿದ್ದರಿಂದ ಹಿಂದಿನ ಚಕ್ರವನ್ನು ಬೆರಳಿನಿಂದಲೇ ತಿರುಗಿಸಬೇಕಿತ್ತು. ಕೈ ನಿಂತರೆ ಫಿಲ್ಮ್ ಸಿಕ್ಕಿಕೊಂಡು ದೀಪದ ಬಿಸಿಗೆ ಸುಟ್ಟುಹೋಗುತ್ತದೆ.

ಮುಂದಿನ ಕುರ್ಚಿಯಲ್ಲಿ ಕೆಳಗಿನ ಮನೆಯ ಮುದುಕಿ ಗುನ್ನೆಲ್ ಕೂತಿದ್ದಳು, ಹಬ್ಬಕ್ಕೆ ಬಂದವಳಂತೆ ಕೆಂಪು ಸ್ವೆಟರ್ ಹಾಕಿಕೊಂಡು. ಅವಳ ಬಾಲ್ಯವೆಲ್ಲ ಅಮೆರಿಕದಲ್ಲಿ ಕಳೆದಿತ್ತು. ಅಲ್ಲೇ ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳನ್ನೂ, ಬಿಸ್ಕತ್ತಿನ ಡಬ್ಬಿಯಲ್ಲಿ ಈ ಒಂದು ರೀಲನ್ನೂ ಹೊತ್ತು ಸ್ವೀಡನ್ನಿಗೆ ಮರಳಿದ್ದ. ನಾಳೆ ಅವಳು ವೃದ್ಧಾಶ್ರಮಕ್ಕೆ ಹೋಗುವವಳು. “ಅಮ್ಮ ನಡೆಯೋದನ್ನ ಒಂದ್ಸಲ ನೋಡಬೇಕು,” ಎಂದಷ್ಟೇ ಕೇಳಿದ್ದಳು.

ಪರದೆಯಾಗಿ ಗೋಡೆಗೆ ಕಟ್ಟಿದ್ದು ಅಭಿಜಿತನ ಮದುವೆಯ ಜರಿ ಪಂಚೆ. ಅದರ ಮೇಲೆ ದೋಣಿಯಷ್ಟು ಉದ್ದದ ಕಾರೊಂದು ಕೆರೆಯ ದಂಡೆಗೆ ಬಂದು ನಿಂತಿತು. ಮಕ್ಕಳು ಇಳಿದು ಓಡಿದರು. ಹೆಂಗಸೊಬ್ಬಳು ಹುಲ್ಲಿನ ಮೇಲೆ ಬಟ್ಟೆ ಹಾಸಿ ಡಬ್ಬಿಗಳನ್ನು ಜೋಡಿಸತೊಡಗಿದಳು.

“ಅಯ್ಯೋ, ಇವರೂ ನಮ್ಮ ಥರಾನೇ ಊಟ ಕಟ್ಕೊಂಡೇ ಹೊರಟಿದಾರಲ್ರೀ!” ಎಂದರು ಹಿಂದೆ ಕೂತಿದ್ದ ರಮಕ್ಕ. “ಉಪ್ಪಿನಕಾಯಿ ಒಂದಿಲ್ಲ ನೋಡಿ.”

“ಏಯ್ ಅಭಿ, ಪಾಜ್ ಮಾಡೋ! ಕಾರ್ ಫೋಟೋ ತಗೋಬೇಕು,” ಎಂದ ಹಯವದನ.

“ನಿಲ್ಲಿಸಿದ್ರೆ ಸುಟ್ಟೋಗುತ್ತೆ ಸರ್.”

“ಪಾಜ್ ಬಟನ್ನೂ ಗೊತ್ತಿಲ್ವಾ? ಅದಕ್ಕೂ ಡಿಗ್ರಿ ಬೇಕಾ?”

ಮತ್ತೆ ನಗು. ಅಭಿಜಿತ ಸರಕ್ಕನೆ ತಿರುಗಿದ. ಬೆರಳು ನಿಂತಿತು. ಪಂಚೆಯ ಮೇಲೆ ಆ ಹೆಂಗಸು ಮುಖವೆತ್ತಿದ್ದವಳು ಹಾಗೆಯೇ ನಿಂತುಬಿಟ್ಟಳು. ಅವಳ ಭುಜದ ಪಕ್ಕದಲ್ಲಿ ಕಂದು ಕಲೆಯೊಂದು ಅರಳತೊಡಗಿತು. ಗುನ್ನೆಲ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು.

ಅವನು ಫಿಲ್ಮನ್ನು ಮೆಲ್ಲಗೆ ಎಳೆದು ಚಕ್ರ ತಿರುಗಿಸಿದ. ಕಲೆ ಜಾರಿಹೋಯಿತು. ಹೆಂಗಸು ಎದ್ದು, ಬರಿಗಾಲಲ್ಲಿ, ಸೊಂಟಕ್ಕೆ ಕೈಕೊಟ್ಟು ಜರಿಯಂಚಿನ ಮೇಲೇ ನಡೆದು ಬಂದಳು. ತೀರಾ ಹತ್ತಿರ ಬಂದು ನಗುತ್ತ ಕೈ ಬೀಸಿದಳು.

ಗುನ್ನೆಲ್‌ಳ ಕೈಯೂ ಮೇಲೆದ್ದು ಬೀಸಿತು. ಆಮೇಲೆ ಯಾರೂ ನಗಲಿಲ್ಲ.

ದೀಪ ಹಾಕಿದಾಗ ಹಯವದನ ಗಂಟಲು ಸರಿಮಾಡಿಕೊಂಡ. “ಏನಪ್ಪಾ, ಬಾಯಿಗೆ ಬೀಗನಾ? ತಮಾಷೆಗೆ ಅಂದೆ ಕಣೋ. ಬೇಜಾರಾಯ್ತಾ?”

ಅಭಿಜಿತ ರೀಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಗುನ್ನೆಲ್ ಅವನ ತೋಳು ಹಿಡಿದು ಎದ್ದಳು. ಹಯವದನನ ಪಕ್ಕದಿಂದಲೇ ಹಾದು ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದರು. ಬಗಲಲ್ಲಿದ್ದ ಡಬ್ಬಿಯ ಮೇಲೆ ಅವನ ಬೆರಳು ಇನ್ನೂ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.